ಅಬ್ಬಿಯ ಮೇಲಿನ ಮೀನು

ಕಾಫಿ ಕಾಸುವ ಪಾತ್ರೆಯಲ್ಲಿ ಮೀನು ಹಾಕಿಕೊಂಡು ಬೆಟ್ಟ ದಾಟಿದವರ ಕಥೆ ನಾನು ಮೊದಲು ಕೇಳಿದ್ದು ಲೋನ್ ಪೈನ್ ಊರಿನ ಒಂದು ಅಂಗಡಿಯಲ್ಲಿ. ಗಾಳ, ದಾರ, ಗರಿಯ ಹುಳ ಎಲ್ಲ ಮಾರುವ ಅಂಗಡಿ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಪೂರ್ವದ ಬುಡದಲ್ಲಿ, 395ನೇ ಹೆದ್ದಾರಿಯ ಮೇಲಿರುವ ಪುಟ್ಟ ಊರದು. 1876ರಲ್ಲಿ ಕರ್ನಲ್ ಶೆರ್ಮನ್ ಸ್ಟೀವನ್ಸ್ ಎಂಬಾತ ಮೇಲೆ ಕಾಟನ್‌ವುಡ್ ಹಳ್ಳದ ಬದಿಯಲ್ಲಿ ಮರ ಕೊಯ್ಯುವ ಮಿಲ್ಲು ಇಟ್ಟಿದ್ದ. ಕಣಿವೆಯಾಚೆಯ ಸೆರ್ರೊ ಗೋರ್ಡೊ ಬೆಳ್ಳಿ ಗಣಿಗೆ ಮರ, ಇದ್ದಿಲು ಒದಗಿಸುವುದು ಅವನ ಕಸುಬು. ಅವನ ಹಳ್ಳದಲ್ಲಿ ಮೀನಿರಲಿಲ್ಲ. ಬೆಟ್ಟದ ಏಣಿನ ಆಚೆ ಬದಿಗೆ ಹರಿಯುವ ಮಲ್ಕಿ ಹಳ್ಳದಲ್ಲಿ ಇತ್ತು, ಗೋಲ್ಡನ್ ಟ್ರೌಟ್ ಎಂಬ ಬಂಗಾರ ಬಣ್ಣದ ಮೀನು. ಅಲ್ಲಿಂದ ಒಂದು ಡಜನ್‌ನಷ್ಟು ಮೀನನ್ನು ಕಾಫಿ ಪಾತ್ರೆಯಲ್ಲಿ ತಂದು ಈಚೆ ಹಳ್ಳಕ್ಕೆ ಬಿಟ್ಟರು. 1891ರಲ್ಲಿ ಅದೇ ಹಳ್ಳದಿಂದ ನೂರರಷ್ಟು ಮೀನು ಇನ್ನೂ ಮೇಲಿನ ಕಾಟನ್‌ವುಡ್ ಕೆರೆಗಳಿಗೆ ಹೋದವು. ಎತ್ತರದ ಕೆರೆಗಳಲ್ಲಿ ಗೋಲ್ಡನ್ ಟ್ರೌಟ್ ಹುಡುಕಿಕೊಂಡು ಹೋಗುವ ನಮ್ಮಂಥವರು ಬಹುಪಾಲು ಆ ಪಾತ್ರೆಯ ವಂಶವನ್ನೇ ಹುಡುಕಿಕೊಂಡು ಹೋಗುತ್ತಿರುತ್ತೇವೆ.

ಅಂಗಡಿಯಾತ ಇಷ್ಟು ಹೇಳಿ ನನಗೆ ಬೇಕಾದ ಸಾಮಾನು ಕಟ್ಟಿಕೊಟ್ಟ. ನಾನು ಹೊರಗೆ ಬಂದು ಕಾರಿನಲ್ಲಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನೆನಪಾಗಿದ್ದು ದೊಡ್ಡಪ್ಪ.

ನಾನು ತೀರ್ಥಹಳ್ಳಿ ಕಡೆಯವನು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆ ಬಯಲಿಗೆ ಮೀನು ಹತ್ತುವುದನ್ನು ಮಲೆನಾಡಿನವರು ಎಲ್ಲರೂ ಬಲ್ಲರು. ಹತ್ತುಮೀನು ಅಂತಲೇ ಅದರ ಹೆಸರು. ರಾತ್ರಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು ದೊಡ್ಡಪ್ಪನ ಹಿಂದೆ ಗದ್ದೆ ಅಂಚಿನ ಮೇಲೆ ನಡೆಯುತ್ತಿದ್ದೆ. ಮೀನು ಹಿಡಿಯುವ ಕೂಣಿ ಇಡುವ ಜಾಗ ಅವರಿಗೆ ಮಾತ್ರ ಗೊತ್ತು. ಮನೆ ಮೇಲುಗಡೆ ಕಾಡಿನೊಳಗೆ ಒಂದು ಅಬ್ಬಿ ಇತ್ತು, ಆಳೆರಡು ಎತ್ತರದಿಂದ ನೀರು ಧುಮುಕುವ ಜಾಗ. ಅದರ ಬುಡದವರೆಗೆ ಮೀನು ಇರುತ್ತಿತ್ತು, ಮೇಲಿನ ಗುಂಡಿಗಳಲ್ಲಿ ಇರುತ್ತಿರಲಿಲ್ಲ. ಯಾಕೆ ಅಂತ ಕೇಳಿದ್ದೆ. "ಮೀನಿಗೆ ಮೇಲೆ ಹೋಗೋದೊಂದು ಗೊತ್ತು ಮಾರಾಯ. ಅಬ್ಬಿ ಸಿಕ್ಕಿದಲ್ಲಿ ನಿಲ್ತದೆ" ಅಂದಿದ್ದರು. ಗೋಲ್ಡನ್ ಟ್ರೌಟಿನ ಬಗ್ಗೆ ಆಮೇಲೆ ನಾನು ಏನೆಲ್ಲ ಓದಿದೆನೋ, ಅದರ ಅರ್ಧ ಆ ಮಾತಿನಲ್ಲೇ ಇತ್ತು.

ಕರ್ನ್ ನದಿ ಸಿಯೆರಾದ ದಕ್ಷಿಣ ತುದಿಯಲ್ಲಿ ಹರಿಯುತ್ತದೆ. ಎಷ್ಟೋ ಸಾವಿರ ವರ್ಷಗಳ ಹಿಂದೆ ಅದರಲ್ಲಿದ್ದ ರೇನ್‌ಬೋ ಟ್ರೌಟಿನ ಪೂರ್ವಜರು ಮೇಲೆ ಮೇಲೆ ಹತ್ತಿ ಹೋದವು. ಆಮೇಲೆ ಹಿಂದಿನಿಂದ ಬಾಗಿಲು ಹಾಕಿದ ಹಾಗೆ ಅಬ್ಬಿಗಳು ಎದ್ದವು. ಆ ಪ್ರಸ್ಥಭೂಮಿಯಲ್ಲಿ ಸಣ್ಣ ಜ್ವಾಲಾಮುಖಿಗಳಿವೆ, ಲಾವಾ ಹರಿದು ಹೆಪ್ಪುಗಟ್ಟಿದ ಗುರುತು ಈಗಲೂ ಕಾಣುತ್ತದೆ. ಹೀಗೆ ಮೇಲೆ ಸಿಕ್ಕಿಕೊಂಡ ಮೀನು ಎರಡೇ ಎರಡು ನೀರಿನಲ್ಲಿ ಉಳಿದು ಬೇರೆಯೇ ಮೀನಾಯಿತು. ಒಂದು ಗೋಲ್ಡನ್ ಟ್ರೌಟ್ ಕ್ರೀಕ್, ಇನ್ನೊಂದು ಕರ್ನ್ ನದಿಯ ದಕ್ಷಿಣ ಕವಲು. ಪಕ್ಕದ ಲಿಟಲ್ ಕರ್ನ್ ಹೊಳೆಯಲ್ಲಿ ಇದರ ದಾಯಾದಿಯೊಂದು ಇದೆ, ಅದನ್ನು 1978ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಗೋಲ್ಡನ್ ಟ್ರೌಟಿನ ಶಾಸ್ತ್ರೀಯ ಹೆಸರಿನಲ್ಲಿ 'ಅಗ್ವಾಬೊನೀಟಾ' ಅಂತ ಒಂದು ಪದವಿದೆ. ಸ್ಪ್ಯಾನಿಷ್‌ನಲ್ಲಿ ಚೆಂದದ ನೀರು. ಅದೇ ಹೆಸರಿನ ಒಂದು ಅಬ್ಬಿಯಿಂದ ಬಂದ ಹೆಸರು.

ಇದಕ್ಕೆ ರಾಜಾಶ್ರಯವೂ ಸಿಕ್ಕಿತ್ತು. ಸ್ಟೂವರ್ಟ್ ಎಡ್ವರ್ಡ್ ವೈಟ್ ಎಂಬ ಲೇಖಕ ಈ ಮೀನಿನ ಚೆಂದಕ್ಕೆ ಮನಸೋತು, ಹೀಗೇ ಬಿಟ್ಟರೆ ಹಿಡಿದು ಮುಗಿಸುತ್ತಾರೆ ಅಂತ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಕಿವಿಗೆ ಹಾಕಿದ. 1904ರಲ್ಲಿ ಬಾರ್ಟನ್ ಎವರ್ಮನ್ ಎಂಬ ಮತ್ಸ್ಯತಜ್ಞ ತಂಡ ಕಟ್ಟಿಕೊಂಡು ಹೋಗಿ ನೋಡಿ ಬಂದ. 1906ರ ಅವನ ವರದಿಯಲ್ಲಿ ಒಂದು ಹಳ್ಳದ ಮೀನಿಗೆ ರೂಸ್‌ವೆಲ್ಟರ ಹೆಸರನ್ನೇ ಇಟ್ಟ. 1947ರಲ್ಲಿ ಇದು ಕ್ಯಾಲಿಫೋರ್ನಿಯಾದ ರಾಜ್ಯ ಮೀನಾಯಿತು.

ಆ ಮೊದಲ ಸಲ ನಾನು ಹೊರಟಿದ್ದು ಕಾಟನ್‌ವುಡ್ ಕೆರೆಗಳಿಗೆ. ಲೋನ್ ಪೈನ್‌ನಿಂದ ಹಾರ್ಸ್‌ಶೂ ಮೆಡೋಗೆ ಹೋಗುವ ರಸ್ತೆ ಬೋಳು ಬೆಟ್ಟದ ಎದೆಯ ಮೇಲೆ ಹಾವಿನ ಹಾಗೆ ಹತ್ತುತ್ತದೆ. ಮೇಲೆ ಹೋಗಿ ಕಾರು ನಿಲ್ಲಿಸಿದ ಜಾಗವೇ ಹತ್ತು ಸಾವಿರ ಅಡಿ. ನಮ್ಮ ಮುಳ್ಳಯ್ಯನಗಿರಿ ಆರು ಸಾವಿರದ ಮುನ್ನೂರು ಚಿಲ್ಲರೆ. ಸಂಜೆ ಡೇರೆ ಹಾಕಿದೆ. ರಾತ್ರಿಯೆಲ್ಲ ತಲೆ ಸಿಡಿಯಿತು, ಊಟ ಸೇರಲಿಲ್ಲ, ಕಣ್ಣು ಮುಚ್ಚಿದರೆ ಉಸಿರು ಸಾಲದೆ ಎದ್ದು ಕೂರುವುದು. ಕಣಿವೆಯಿಂದ ಒಂದೇ ಉಸಿರಿಗೆ ಮೇಲೆ ಬರಬಾರದು, ಒಂದು ದಿನ ಮೈಗೆ ರೂಢಿಯಾಗಲು ಬಿಡಬೇಕು ಅನ್ನುವುದು ಆಗ ಅರ್ಥವಾಯಿತು. ಬೆಳಗ್ಗೆ ತಲೆನೋವು ಸ್ವಲ್ಪ ಇಳಿದ ಮೇಲೆ ನಿಧಾನ ನಡೆದೆ. ಐದು ಮೈಲಿಗೂ ಮೇಲ್ಪಟ್ಟ ದಾರಿ. ಫಾಕ್ಸ್‌ಟೇಲ್ ಪೈನ್ ಅಂತ ಒಂದು ಜಾತಿಯ ಮರ ಇದೆ ಅಲ್ಲಿ, ಕೊಂಬೆಯ ತುದಿ ನರಿಯ ಬಾಲದ ಹಾಗೆ ದಟ್ಟ, ತೊಗಟೆ ಇಟ್ಟಿಗೆ ಬಣ್ಣ. ಕೊನೆಯ ಏರು ಮುಗಿದ ಮೇಲೆ ಒಮ್ಮೆಲೇ ಬಯಲು, ಅದರ ಹಿಂದೆ ಗೋಡೆ ಕಟ್ಟಿದ ಹಾಗೆ ಲ್ಯಾಂಗ್ಲಿ ಬೆಟ್ಟ. ಹದಿನಾಲ್ಕು ಸಾವಿರ ಅಡಿಗೂ ಎತ್ತರ. ಅದರ ಕಾಲ ಬಳಿ ಕೆರೆಗಳು.

ನೀರು ಎಷ್ಟು ತಿಳಿ ಅಂದರೆ ದಡದಿಂದ ಇಪ್ಪತ್ತು ಅಡಿ ದೂರದಲ್ಲಿ ಈಜುವ ಮೀನಿನ ನೆರಳು ತಳದ ಮರಳಿನ ಮೇಲೆ ಕಾಣುತ್ತದೆ. ಮೊದಲು ಕಾಣುವುದು ನೆರಳೇ, ಮೀನು ಆಮೇಲೆ. ದಡದ ಆಳವಿಲ್ಲದ ನೀರು ತಟ್ಟನೆ ಆಳಕ್ಕೆ ಇಳಿಯುವ ಗೆರೆಯೊಂದು ಇರುತ್ತದೆ, ತಿಳಿ ಹಸಿರು ಅಲ್ಲಿ ಕಡು ನೀಲಿಯಾಗುತ್ತದೆ. ಗೋಲ್ಡನ್‌ಗಳು ಆ ಗೆರೆಯ ಗುಂಟ ಗಸ್ತು ತಿರುಗುತ್ತವೆ. ಹೋದ ಮೀನು ಹತ್ತೋ ಹದಿನೈದೋ ನಿಮಿಷ ಬಿಟ್ಟು ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ಬರುವ ಮುಂಚೆಯೇ ಗಾಳ ನೀರಿನಲ್ಲಿರಬೇಕು. ಅದು ಎದುರು ಬಂದಾಗ ಎಸೆದರೆ ಮುಗಿಯಿತು, ದಾರದ ನೆರಳಿಗೇ ಹೆದರಿ ಆಳಕ್ಕೆ ಇಳಿದುಬಿಡುತ್ತದೆ. ನಿಂತುಕೊಂಡು ಎಸೆಯುವ ಹಾಗಿಲ್ಲ, ಮೊಣಕಾಲೂರಿ ಬಂಡೆಯ ಮರೆಯಲ್ಲಿರಬೇಕು. ಕೊಕ್ಕೆ ಅಕ್ಕಿಕಾಳಿನಷ್ಟು. ಅದರ ಮೇಲೆ ದಾರ ಸುತ್ತಿ ಒಂದು ಎಳೆ ಗರಿ ಕಟ್ಟಿದ್ದು, ಅದೇ ಫ್ಲೈ. ಅಲ್ಲಿ ಏಳುವ ನುಸಿಯೂ ಅಷ್ಟೇ ಗಾತ್ರ.

ಮೊದಲ ದಿನ ಎಂಟು ಗಂಟೆಯ ಕಾಲ ಮೀನು ನೋಡಿದೆ, ಒಂದೂ ಮುಟ್ಟಲಿಲ್ಲ. ಮಧ್ಯಾಹ್ನ ಬೆಟ್ಟದ ಮೇಲಿನಿಂದ ಗಾಳಿ ಇಳಿಯಿತು, ಕೆರೆಯ ಮೈ ತುಂಬ ನವಿರು ಎದ್ದು ಏನೂ ಕಾಣದಂತಾಯಿತು. ಮಾರನೇ ಬೆಳಗ್ಗೆ, ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಗಟ್ಟಿಯಾಗಿದ್ದಾಗ, ಕೆರೆಗೆ ನೀರು ಬಂದು ಸೇರುವ ಬಾಯಲ್ಲಿ ಒಂದು ಸಿಕ್ಕಿತು. ಹನ್ನೊಂದು ಅಂಗುಲ ಇರಬಹುದು. ಅಂಗೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಹಿಡಿದೆ. ಬೆನ್ನು ಆಲಿವ್ ಹಸಿರು. ಪಕ್ಕೆ ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಬಿಸಿಲಿಗಿಟ್ಟ ಹಾಗೆ. ಪಕ್ಕೆಯ ನಡುವೆ ಉದ್ದಕ್ಕೆ ಒಂದು ಕೆಂಪು ಪಟ್ಟೆ, ಹೊಟ್ಟೆಯ ಕೆಳಗೂ ಅದೇ ಕೆಂಪು. ಪಟ್ಟೆಯ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗೆ ಹತ್ತು ಬೂದು ಮಚ್ಚೆ. ಬೇರೆ ಟ್ರೌಟ್‌ಗಳಲ್ಲಿ ಈ ಮಚ್ಚೆ ಮರಿಯಾಗಿದ್ದಾಗ ಮಾತ್ರ ಇದ್ದು ಬೆಳೆಯುತ್ತ ಮಾಸುತ್ತದೆ, ಗೋಲ್ಡನ್‌ನಲ್ಲಿ ಸಾಮಾನ್ಯವಾಗಿ ಬೆಳೆದ ಮೇಲೂ ಉಳಿಯುತ್ತದೆ. ಕರಿ ಚುಕ್ಕೆಗಳು ಬಾಲದ ಕಡೆಗೆ ಗುಂಪಾಗಿದ್ದವು. ರೆಕ್ಕೆಗಳ ತುದಿಯಲ್ಲಿ ಸುಣ್ಣ ಬಳಿದಂಥ ಬಿಳಿ ಅಂಚು. ಮುಳ್ಳು ಒತ್ತಿಬಿಟ್ಟ ಕೊಕ್ಕೆ, ಬಾಯಿಂದ ತಾನೇ ಜಾರಿತು. ಕೈ ಸಡಿಲಿಸಿದೆ. ಒಂದು ಕ್ಷಣ ಅಂಗೈಯಲ್ಲೇ ನಿಂತಿತ್ತು, ಆಮೇಲೆ ಆ ನೀಲಿ ಗೆರೆ ದಾಟಿ ಹೋಯಿತು.

ಫೋಟೋ ಊರಿಗೆ ಕಳಿಸಿದೆ. ವಾರದ ಕೊನೆಗೆ ದೊಡ್ಡಪ್ಪನ ಫೋನು. "ಎಂಥ ಮೀನೋ ಅದು, ಅರಿಶಿನ ಕುಂಕುಮ ಹಚ್ಚಿದ ಹಾಗಿದ್ಯಲ್ಲ! ಸಾರು ಮಾಡಿದ್ಯಾ?"

"ಇಲ್ಲ ದೊಡ್ಡಪ್ಪ, ಬಿಟ್ಟೆ."

"ಬಿಡೋದಾದ್ರೆ ಹಿಡಿಯೋದ್ಯಾಕೆ?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಸಿವಿಗೆ ಹಿಡಿಯುವವರು ಅವರು. ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ದೇವರ ಮೀನಿಗೆ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿದು ಬರುವವರೂ ಅವರೇ. ತಿನ್ನುವ ಮೀನು ಒಂದು, ಮುಟ್ಟದ ಮೀನು ಒಂದು. ಹಿಡಿದು ಬಿಡುವ ಮೀನು ಅನ್ನುವ ಮೂರನೇ ಜಾತಿ ಅವರ ಲೆಕ್ಕದಲ್ಲಿಲ್ಲ. ಕೊಕ್ಕೆಯ ನೋವು ಮೀನಿಗೆ ಇದೆ ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಅದನ್ನು ಕಡಿಮೆ ಮಾಡುವ ದಾರಿಗಳಿವೆ: ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಿನಿಂದ ಮೇಲೆತ್ತದಿರುವುದು, ಬೇಗ ಬಿಡುವುದು. ಆದರೂ ಹಿಡಿಯುತ್ತೇನೆ. ಹಿಡಿಯಲು ಹೊರಡದೇ ಹೋಗಿದ್ದರೆ ಒಂದು ಕೆರೆಯ ದಡದಲ್ಲಿ ಎಂಟು ಗಂಟೆ ಮೊಣಕಾಲೂರಿ ನೀರು ನೋಡುತ್ತಿರಲಿಲ್ಲ ಅನ್ನುವುದಂತೂ ನಿಜ.

ಆ ಹನ್ನೊಂದು ಅಂಗುಲದ ಮೀನಿನ ನಂತರ ನನಗೆ ಹುಚ್ಚು ಹಿಡಿಯಿತು ಅನ್ನಬೇಕು. ಇನ್ನೂ ದೊಡ್ಡದು, ಇನ್ನೂ ದೂರದ್ದು. ಗೋಲ್ಡನ್ ಹುಡುಕುವವರಲ್ಲಿ ಒಂದು ಪದ್ಧತಿಯಿದೆ, ಕೆರೆಯ ಹೆಸರು ಹೇಳುವುದಿಲ್ಲ. ಫೋಟೋದಲ್ಲಿ ಹಿಂದಿನ ಬೆಟ್ಟ ಕಾಣದ ಹಾಗೆ ತೆಗೆಯುತ್ತಾರೆ. ಮೊದಲು ಇದು ಜಿಪುಣತನ ಅನಿಸಿತ್ತು. ಆಮೇಲೆ ನಮ್ಮ ಅಜ್ಜಿ ನೆನಪಾದರು. ಗುಡುಗು ಬಿದ್ದ ಮಾರನೇ ದಿನ ಹುತ್ತದ ಬದಿಯಲ್ಲಿ ಅಣಬೆ ಏಳುವ ಜಾಗವನ್ನು ಅವರು ಸ್ವಂತ ಸೊಸೆಯಂದಿರಿಗೂ ತೋರಿಸಿದವರಲ್ಲ. ಒಂದು ಸಣ್ಣ ಕೆರೆಯಲ್ಲಿ ಇರುವುದೇ ಐವತ್ತೋ ನೂರೋ ದೊಡ್ಡ ಮೀನು, ಬೇಸಿಗೆ ಎರಡೂವರೆ ತಿಂಗಳು. ಹೆಸರು ಹರಡಿದರೆ ಎರಡು ಬೇಸಿಗೆಯಲ್ಲಿ ಖಾಲಿ. ಹಾಗಾಗಿ ನಾನೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕಾಟನ್‌ವುಡ್ ಒಂದನ್ನು ಬಿಟ್ಟು.

ಹುಡುಕುವುದು ಹೇಗೆ ಅನ್ನುವುದನ್ನು ಹೇಳಬಹುದು. ಮೀನು ಬಿಟ್ಟ ಹಳೆಯ ದಾಖಲೆ ಓದಬೇಕು. ನಕ್ಷೆಯಲ್ಲಿ ಆಳದ ಕೆರೆ ಯಾವುದು, ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟದ್ದು ಯಾವುದು ಅಂತ ಊಹಿಸಬೇಕು. ನೀರು ಒಳಬರುವ ಅಥವಾ ಹೊರಹೋಗುವ ಕಡೆ ಜಲ್ಲಿಕಲ್ಲಿನ ಹಾಸು ಇದೆಯೇ ನೋಡಬೇಕು, ಇದ್ದರೆ ಅಲ್ಲಿ ಜೂನ್ ಕೊನೆ, ಜುಲೈ ಹೊತ್ತಿಗೆ ಮೊಟ್ಟೆಯಿಡುತ್ತದೆ. ಕೆಳಗೆ ಅಬ್ಬಿ ಇದ್ದರೆ ಒಳ್ಳೆಯದು, ಗೋಲ್ಡನ್‌ಗೆ ಎದುರಾಳಿಯಾದ ಬ್ರೂಕ್ ಟ್ರೌಟ್ ಹತ್ತಿ ಬಂದಿರುವುದಿಲ್ಲ. ಇಷ್ಟೆಲ್ಲ ಮಾಡಿ ಎರಡು ದಿನ ನಡೆದರೂ ಕೆರೆ ಖಾಲಿಯಿರಬಹುದು. ದೊಡ್ಡ ಮೀನಿನ ಆಸೆಯವರು ವಯೋಮಿಂಗ್‌ನ ವಿಂಡ್ ರಿವರ್ ಬೆಟ್ಟಗಳಿಗೆ ಹೋಗುತ್ತಾರೆ. 1948ರಲ್ಲಿ ಅಲ್ಲಿನ ಕುಕ್ಸ್ ಕೆರೆಯಲ್ಲಿ ಹನ್ನೊಂದು ಪೌಂಡಿನ ಗೋಲ್ಡನ್ ಸಿಕ್ಕಿದ್ದು ಇವತ್ತಿಗೂ ವಿಶ್ವದಾಖಲೆ. ವಯೋಮಿಂಗ್ ಈ ಮೀನಿನ ಹುಟ್ಟೂರಲ್ಲ, ಅದನ್ನು ಅಲ್ಲಿಗೂ ಜನರೇ ತಂದು ಬಿಟ್ಟಿದ್ದು.

ಜನ ತಂದಿದ್ದು. ಈ ಮಾತಿನ ಭಾರ ನನಗೆ ಗೊತ್ತಾಗಿದ್ದು ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದ ಒಳಗೆ, ದಾರಿಯಿಲ್ಲದ ಒಂದು ಕಣಿವೆಯಲ್ಲಿ. ಎರಡು ಚಳಿಗಾಲ ನಕ್ಷೆ ನೋಡಿ ಗುರುತು ಹಾಕಿಟ್ಟ ಕೆರೆ. ಬಂಡೆ ಹತ್ತಿ ಇಳಿದು ಮೂರನೇ ದಿನ ಮುಟ್ಟಿದೆ. ನೀಲಿ ಗೆರೆ ಇತ್ತು, ನೀರು ಬಂದು ಸೇರುವ ಬಾಯಿ ಇತ್ತು, ಮೀನು ಇರಲಿಲ್ಲ. ಸಂಜೆಯವರೆಗೆ ಕಾದೆ. ದಡದ ಬಿಸಿ ನೀರಿನಲ್ಲಿ ಮಾತ್ರ ಏನೋ ಕಪ್ಪಗೆ ಮಿಸುಕುತ್ತಿತ್ತು. ಬಗ್ಗಿ ನೋಡಿದರೆ ಗೊದಮೊಟ್ಟೆಗಳು. ನೂರಾರು. ಹೆಬ್ಬೆರಳಿಗಿಂತ ದಪ್ಪದವೂ ಇದ್ದವು. ಬಂಡೆಯ ಮೇಲೆ ಕಂದು ಬಣ್ಣದ ಕಪ್ಪೆಗಳು ಬಿಸಿಲು ಕಾಯಿಸುತ್ತ ಕೂತಿದ್ದವು. ನಾನು ಹೆಜ್ಜೆಯಿಟ್ಟರೂ ಕದಲಲಿಲ್ಲ. ನನಗೆ ಆಗ ಬಂದಿದ್ದು ಸಿಟ್ಟು. ವಾಪಸ್ ಬರುವಾಗ ದಾರಿಯಲ್ಲಿ ಸಿಕ್ಕ ರೇಂಜರ್ ಒಬ್ಬರನ್ನು ಕೇಳಿದೆ. ಆ ಕೆರೆಯ ಮೀನನ್ನು ಉದ್ಯಾನದವರೇ ಬಲೆ ಹಾಕಿ ತೆಗೆದಿದ್ದಾರೆ ಅಂದರು. ಕಪ್ಪೆಗಾಗಿ.

ಮನೆಗೆ ಬಂದು ಓದಿದೆ. ಸಿಯೆರಾದ ಎತ್ತರದ ಸಾವಿರಾರು ಕೆರೆಗಳಲ್ಲಿ ಮೊದಲು ಮೀನೇ ಇರಲಿಲ್ಲ. ಹಿಮನದಿಗಳು ಕೆತ್ತಿಟ್ಟ ಕೆರೆಗಳು, ಕೆಳಗೆಲ್ಲ ಅಬ್ಬಿಗಳು, ಮೀನು ಹತ್ತಲು ದಾರಿಯಿಲ್ಲ. ಅಲ್ಲಿ ಒಡೆತನವಿದ್ದದ್ದು ಹಳದಿಗಾಲಿನ ಕಪ್ಪೆಗೆ. ಈ ಕಪ್ಪೆಯ ಗೊದಮೊಟ್ಟೆ ಕಪ್ಪೆಯಾಗಲು ಎರಡು ಮೂರು ಚಳಿಗಾಲ ಬೇಕು. ಅಷ್ಟು ವರ್ಷ ಅದು ನೀರಿನಲ್ಲೇ ಬದುಕಬೇಕಾದರೆ ಕೆರೆ ಆಳವಾಗಿರಬೇಕು, ತಳದವರೆಗೆ ಹೆಪ್ಪುಗಟ್ಟಬಾರದು. ನಾನು ನಕ್ಷೆಯಲ್ಲಿ ಮೀನಿಗೆಂದು ಗುರುತು ಹಾಕುತ್ತಿದ್ದ ಕೆರೆಗಳೂ ಅವೇ. ಮೊದಲು ಹೇಸರಗತ್ತೆಗಳ ಮೇಲೆ ಹಾಲಿನ ಕ್ಯಾನುಗಳಲ್ಲಿ, ಎರಡನೇ ಮಹಾಯುದ್ಧದ ನಂತರ ವಿಮಾನದಿಂದ ಸುರಿದು, ಕೆರೆ ಕೆರೆಗೂ ಟ್ರೌಟ್ ತುಂಬಿದರು. ಟ್ರೌಟ್ ಗೊದಮೊಟ್ಟೆಯನ್ನು ತಿಂದಿತು. ಮೇಲೆ ಕೈಟ್ರಿಡ್ ಎಂಬ ಶಿಲೀಂಧ್ರ ರೋಗವೂ ಬಂತು. ಒಂದು ಕಾಲಕ್ಕೆ ಕಾಲಿಟ್ಟಲ್ಲೆಲ್ಲ ಇದ್ದ ಕಪ್ಪೆ ತನ್ನ ಹಳೆಯ ನೆಲೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಇಲ್ಲವಾಯಿತು. 2014ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಹಾಕಿದರು. ರೋಲಂಡ್ ನ್ಯಾಪ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಎಷ್ಟೋ ವರ್ಷ ಕೆರೆ ಕೆರೆ ಅಲೆದು ಮೀನು ತೆಗೆದ ಕಡೆ ಕಪ್ಪೆ ಮರಳುತ್ತದೆ ಅಂತ ತೋರಿಸಿದರು. ನಾನು ಸಿಟ್ಟು ಮಾಡಿಕೊಂಡು ಕೂತಿದ್ದ ಕೆರೆಯ ದಡದಲ್ಲಿ ನಡೆದಿದ್ದೂ ಅದೇ.

ಗೋಲ್ಡನ್ ಟ್ರೌಟ್ ಪ್ರೀತಿಸುವ ಕೆಲವರಿಗೆ ಈ ಬಲೆ ಹಾಕುವ ಕೆಲಸ ಇವತ್ತಿಗೂ ಸಹಿಸದು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಅಪ್ಪನ ಜೊತೆ ಹೋಗಿ ಮೊದಲ ಮೀನು ಹಿಡಿದ ಕೆರೆಯನ್ನು ಖಾಲಿ ಮಾಡಿದರೆ ಯಾರಿಗೂ ಹೊಟ್ಟೆ ಉರಿಯುತ್ತದೆ. ಆದರೂ ನನ್ನ ಮತ ಕಪ್ಪೆಯ ಕಡೆಗೆ. ಟ್ರೌಟಿಗೆ ಬೇರೆ ಕೆರೆಗಳು ಬೇಕಾದಷ್ಟಿವೆ. ಕಪ್ಪೆಗೆ ಇವು ಬಿಟ್ಟರೆ ಹೋಗಲು ಜಾಗವಿಲ್ಲ.

ತಮಾಷೆಯಲ್ಲದ ಇನ್ನೊಂದು ಸಂಗತಿಯಿದೆ. ಗೋಲ್ಡನ್ ಊರೆಲ್ಲ ಹರಡುತ್ತಿದ್ದಾಗ ಹುಟ್ಟೂರಿನಲ್ಲೇ ಅದರ ಬುಡ ಅಲುಗುತ್ತಿತ್ತು. ಕರ್ನ್‌ನ ದಕ್ಷಿಣ ಕವಲಿಗೆ ಯುರೋಪಿನ ಬ್ರೌನ್ ಟ್ರೌಟ್ ಸೇರಿಕೊಂಡಿತು. ಅದು ಗೋಲ್ಡನ್ ಮರಿಯನ್ನು ತಿನ್ನುತ್ತದೆ. ಸಾಕಣೆಯ ರೇನ್‌ಬೋ ಬಂತು, ಅದು ಗೋಲ್ಡನ್ ಜೊತೆ ಕೂಡುತ್ತದೆ. ತಿನ್ನುವ ಶತ್ರುವನ್ನು ಬಲೆಯಿಂದ, ಮದ್ದಿನಿಂದ ತಡೆಯಬಹುದು. ನೆಂಟಸ್ತಿಕೆ ಬೆಳೆಸುವ ಶತ್ರುವನ್ನು ತಡೆಯುವುದು ಹೇಗೆ? ಹೊರಗೆ ನೋಡಿದರೆ ಅದೇ ಬಂಗಾರ, ಅದೇ ಕೆಂಪು, ಒಳಗೆ ರಕ್ತ ಬೇರೆ. ಸರ್ಕಾರ ಮೊಟ್ಟೆ ಸಂಗ್ರಹಿಸಿ ನೂರಾರು ಕೆರೆಗಳಿಗೆ ಮರಿ ಒದಗಿಸಿದ್ದು ಕಾಟನ್‌ವುಡ್ ಕೆರೆಗಳಿಂದ. ಮುಂದೆ ತಳಿ ಪರೀಕ್ಷೆ ಮಾಡಿದಾಗ ಅಲ್ಲಿನ ಮೀನಿನಲ್ಲೂ ರೇನ್‌ಬೋ ಬೆರಕೆ ಕಂಡಿತು. ಕಡೆಗೆ ದಕ್ಷಿಣ ಕವಲಿನ ಉದ್ದಕ್ಕೂ ಕೆಳಗಿನ ಮೀನು ಮೇಲೆ ಬಾರದಂತೆ ಮನುಷ್ಯರೇ ತಡೆಗೋಡೆ ಕಟ್ಟಿದರು, ಕೈಯಿಂದ ಮಾಡಿದ ಅಬ್ಬಿಗಳು ಅನ್ನಿ. 2016ರ ಬರಗಾಲದಲ್ಲಿ ಒಂದು ಹಳ್ಳ ಬತ್ತುವ ಹಂತಕ್ಕೆ ಬಂದಾಗ ಅಲ್ಲಿನ ಒಂದಷ್ಟು ಮೀನನ್ನು ಎತ್ತಿಕೊಂಡು ಹೋಗಿ ಸಾಕಣೆ ಕೇಂದ್ರದಲ್ಲಿ ಉಳಿಸಬೇಕಾಯಿತು.

ಇದನ್ನು ಓದುವಾಗ ನನ್ನ ಮನಸ್ಸು ಕಾವೇರಿಗೆ ಹೋಯಿತು. ಭೀಮೇಶ್ವರಿ, ಗಾಳಿಬೋರೆ ಕಡೆಯವರು ಬಿಳಿಮೀನು ಅನ್ನುವ ಮಹಶೀರ್. 1946ರಲ್ಲಿ ಮೈಸೂರಿನ ವಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದಿದ್ದರು. ಕೇಸರಿ ರೆಕ್ಕೆಯ, ಗೂನುಬೆನ್ನಿನ ಆ ಮೀನು ಕಾವೇರಿ ಕೊಳ್ಳ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೆ ಸರಿಯಾದ ಶಾಸ್ತ್ರೀಯ ಗುರುತು ಸಿಕ್ಕಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಸಿಗುವ ಹೊತ್ತಿಗೆ ಅದು ಅಳಿವಿನ ಅಂಚಿನಲ್ಲಿತ್ತು. ಒಳ್ಳೆಯ ಮನಸ್ಸಿನಿಂದಲೇ ಲೋನಾವಳದ ಸಾಕಣೆ ಕೇಂದ್ರದಿಂದ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಈಗ ನದಿ ತುಂಬ ಅವೇ. ಹೊಳೆಯಲ್ಲಿ ಮಹಶೀರ್ ಇದೆಯಲ್ಲ ಅಂತ ಜನ ಸಮಾಧಾನಪಟ್ಟರು, ಯಾವ ಮಹಶೀರ್ ಅಂತ ನೋಡಿದವರು ಕಡಿಮೆ. ನನ್ನ ಊರಿನ ನದಿಗಳ ಈ ಕಥೆ ನನಗೆ ಗೊತ್ತಾಗಲು ನಾನು ಸಿಯೆರಾದ ಮೀನಿನ ಹಿಂದೆ ಬೀಳಬೇಕಾಯಿತು.

ಅಷ್ಟು ಹೊತ್ತಿಗೆ ದೊಡ್ಡ ಮೀನಿನ ಆಸೆ ಇಳಿದಿತ್ತು. ಕಾಫಿ ಪಾತ್ರೆ ತುಂಬಿದ ಜಾಗ ನೋಡಬೇಕು ಅನಿಸಿತು.

ಹೋದ ಸಲ ಮತ್ತೆ ಹಾರ್ಸ್‌ಶೂ ಮೆಡೋಗೆ ಹೋದೆ. ಈ ಸಲ ಮೈಗೆ ರೂಢಿಯಾಗಲು ಒಂದಿಡೀ ದಿನ ಬಿಟ್ಟೆ. ಎಲ್ಲರೂ ಕೆರೆಗಳ ಕಡೆ ಉತ್ತರಕ್ಕೆ ಹೋದರೆ ನಾನು ದಕ್ಷಿಣಕ್ಕೆ, ಮಲ್ಕಿ ಪಾಸ್ ಎಂಬ ಬೆಟ್ಟದ ಕಂಡಿಯ ಕಡೆ ನಡೆದೆ. ಹತ್ತಿರದ ದಾರಿ, ಕೆರೆಗಳಿಗಿಂತ ಸುಲಭ. ಪಾಸ್‌ನ ನೆತ್ತಿಯ ಮೇಲೆ ಒಂದು ಕ್ಷಣ ನಿಂತೆ. ನಮ್ಮ ಆಗುಂಬೆಯ ಏಣಿನ ಹಾಗೆಯೇ ಇದೂ ನೀರು ಹಂಚುವ ಏಣು. ಅಲ್ಲಿ ಮಳೆಹನಿ ಒಂದು ಗೇಣು ಈಚೆ ಬಿದ್ದರೆ ತುಂಗೆ, ಆಚೆ ಬಿದ್ದರೆ ಸೀತೆ. ಇಲ್ಲಿ ಬಲಗಾಲಿನ ಕಡೆಯ ಹಿಮ ಕರಗಿ ಕರ್ನ್ ಸೇರುತ್ತದೆ, ಎಡಗಾಲಿನ ಕಡೆಯದು ಓವೆನ್ಸ್ ಕಣಿವೆಗೆ ಇಳಿಯುತ್ತದೆ. ಒಂದು ಕಡೆಯ ನೀರಿನಲ್ಲಿ ಮೀನು ಸಾವಿರಾರು ವರ್ಷ ಇತ್ತು, ಇನ್ನೊಂದು ಕಡೆ ಒಂದೂ ಇರಲಿಲ್ಲ. ನಡುವೆ ಇದ್ದದ್ದು ನಾನು ನಿಂತ ಈ ಹತ್ತಡಿ ನೆಲ.

ಕೆಳಗೆ ವಿಶಾಲ ಹುಲ್ಲುಗಾವಲು. ಅದರ ನಡುವೆ ಹಳ್ಳ. ಹಳ್ಳ ಅಂದರೆ ನಮ್ಮ ಗದ್ದೆ ಕಾಲುವೆಯಷ್ಟು ಅಗಲ, ಎಷ್ಟೋ ಕಡೆ ಹಾರಿ ದಾಟಬಹುದು. ಈ ಬಯಲುಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ದನ ಮೇಯ್ದಿವೆ. ಕೆಲವು ಕಡೆ ದಂಡೆ ಕುಸಿದು ನೀರು ಅಗಲವಾಗಿ, ತೆಳುವಾಗಿ, ಬಿಸಿಯಾಗಿ ಹರಿಯುತ್ತದೆ, ಅಂಥಲ್ಲಿ ಮೀನು ನಿಲ್ಲದು. ದಂಡೆಯ ಹುಲ್ಲು ಗಟ್ಟಿಯಿದ್ದು, ನೀರು ಅದರ ಅಡಿಗೆ ಕೊರೆದುಕೊಂಡು ಹೋದ ಕಡೆ ಮಾತ್ರ ತಂಪು, ನೆರಳು. ಅಂಥ ಒಂದು ತಿರುವಿನ ಹಿಂದೆ ಹೊಟ್ಟೆಯ ಮೇಲೆ ಮಲಗಿ ಕೋಲನ್ನು ಅರ್ಧ ಮಾತ್ರ ಚಾಚಿ ಫ್ಲೈ ಇಳಿಬಿಟ್ಟೆ. ನೀರು ಮುಟ್ಟಿತೋ ಇಲ್ಲವೋ, ದಂಡೆಯಡಿಯಿಂದ ಒಂದು ಕಿಡಿ ಹಾರಿತು. ಆರು ಅಂಗುಲ. ನನ್ನ ಅಂಗೈ ದಾಟಲಿಲ್ಲ. ಕೆರೆಯ ಮೀನಿಗಿಂತ ಬಣ್ಣ ಗಾಢ, ಕೆಂಪು ಇನ್ನೂ ಕೆಂಪು. ಮಚ್ಚೆ ಎಣಿಸಿದೆ, ಹತ್ತು. ಇದರ ಅಜ್ಜಂದಿರು ಪಾತ್ರೆಯ ಒಳಗೆ ಹೋಗದೆ ಉಳಿದವರು. ಬಿಟ್ಟೆ. ಕೋಲು ಬಿಚ್ಚಿ ಚೀಲಕ್ಕೆ ಹಾಕಿದೆ. ಇನ್ನೊಂದು ಹಿಡಿಯಬೇಕು ಅನಿಸಲಿಲ್ಲ.

ಮಧ್ಯಾಹ್ನವೆಲ್ಲ ದಂಡೆಯಲ್ಲಿ ಕೂತು ನೋಡಿದೆ. ಹೊರಡುವ ಮುಂಚೆ ಕಾಫಿಗೆಂದು ತಂದಿದ್ದ ಮುಚ್ಚಳದ ಪಾತ್ರೆಯಲ್ಲಿ ಹಳ್ಳದ ನೀರು ತುಂಬಿಸಿಕೊಂಡೆ, ಗಡಿಯಾರ ನೋಡಿಕೊಂಡೆ. ಹೊತ್ತು ನಡೆಯುವುದು ಎಷ್ಟು ಕಷ್ಟ ಅಂತ ತಿಳಿಯಬೇಕಿತ್ತು. ಏರಿನಲ್ಲಿ ಪಾತ್ರೆ ತುಳುಕಿ ಪ್ಯಾಂಟು ಒದ್ದೆಯಾಯಿತು. ಅವರೂ ಹೀಗೇ ತುಳುಕಿಸಿಕೊಂಡು, ಮುಚ್ಚಳ ತೆಗೆದು ತೆಗೆದು ನೋಡುತ್ತ ನಡೆದಿರಬೇಕು. ನಾನು ಬಂದ ದಾರಿಯಲ್ಲಿ ಹುಲ್ಲುಗಾವಲು ಮುಗಿದ ಮೇಲೆ ಪಾಸ್‌ವರೆಗೆ ನೀರು ಬದಲಿಸಲು ಒಂದು ಒರತೆಯೂ ಸಿಗಲಿಲ್ಲ. ನೆತ್ತಿ ಮುಟ್ಟುವ ಹೊತ್ತಿಗೆ ಪಾತ್ರೆ ಕೈಗೆ ಬೆಚ್ಚಗಾಗುತ್ತಿತ್ತು.

ಈಚೆ ಇಳಿಜಾರಿನ ಕೆಳಗೆ ಹಾರ್ಸ್‌ಶೂ ಮೆಡೋದ ನೀರು ಸಂಜೆ ಬಿಸಿಲಿಗೆ ಹೊಳೆಯುತ್ತಿತ್ತು. ಮುಚ್ಚಳ ತೆಗೆದೆ. ಉಳಿದ ನೀರನ್ನು ಏಣಿನ ಮೇಲೇ ಒಂದು ಫಾಕ್ಸ್‌ಟೇಲ್ ಪೈನ್ ಮರದ ಬುಡಕ್ಕೆ ಸುರಿದು, ಬರಿ ಪಾತ್ರೆ ಹಿಡಿದು ಇಳಿದೆ.